ಇದು ಕಾದಂಬರಿಯೋ, ಪಹಣಿಯೋ?

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದವನು ನಾನು. ನಿವೃತ್ತನಾದ ಮೇಲೆ ಅಂಕೋಲೆಯ ಮನೆಯಲ್ಲಿ ಕೂತು ಕಾದಂಬರಿ ಬರೆದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಅರಗಾದ ಒಂದು ಮೀನುಗಾರ ಕುಟುಂಬದ, ನಾಗಪ್ಪ ಮತ್ತು ಸುಬ್ಬಿಯರ ಕತೆ, 410 ಪುಟ. ಪ್ರಕಾಶಕರೊಬ್ಬರಿಗೆ ಕಳಿಸಿದೆ. ಎಂಟು ತಿಂಗಳಾದ ಮೇಲೆ ಒಂದು ಸಾಲು ಬಂತು: ವಿಷಯ ಚೆನ್ನಾಗಿದೆ, ಆದರೆ ಎಲ್ಲೋ ಹಿಡಿಯುವುದಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ ಉತ್ತರವಿಲ್ಲ.

ನಮ್ಮಲ್ಲಿ ಎಡಿಟರ್ ಎಂದರೆ ಕರಡು ತಿದ್ದುವವರು; ಅಲ್ಪಪ್ರಾಣ ಮಹಾಪ್ರಾಣ ಸರಿಮಾಡುವವರು. ಕತೆಯ ಹಂದರವನ್ನೇ ಅಲುಗಾಡಿಸಿ ನೋಡುವ ಡೆವಲಪ್‌ಮೆಂಟಲ್ ಎಡಿಟಿಂಗ್ ಅನ್ನುವ ಬೇರೆ ಕೆಲಸ ಉಂಟು ಎಂದು ಹೇಳಿದವಳು ಮಗಳು. ಧಾರವಾಡದಲ್ಲಿ ಒಬ್ಬರು ಸಿಕ್ಕರು, ಹೆಚ್ಚುಕಮ್ಮಿ ಅವಳದೇ ವಯಸ್ಸು. ಮೊದಲು ಮೂವತ್ತು ಪುಟ ಓದಿ, ತಾವು ಹೇಗೆ ಓದುತ್ತೇವೆಂದು ತೋರಿಸಿದರು. ಆಮೇಲೆ ಹಣದ ಮಾತು. ಅರ್ಧ ಮುಂಗಡ, ಉಳಿದದ್ದು ಟಿಪ್ಪಣಿ ಕೈಸೇರಿದ ಮೇಲೆ.

ಶುರುವಿನಲ್ಲೇ ಎಡವಟ್ಟಾಯಿತು. ನಾನು ಟೈಪ್ ಮಾಡಿದ್ದು ಹಳೆಯ 'ನುಡಿ' ತಂತ್ರಾಂಶದಲ್ಲಿ. ಅವರಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವತ್ತುಗಳು ಎಲ್ಲೆಲ್ಲೋ ಹೋಗಿ ಕೂತವು. ಅವರು ಓದುತ್ತಿದ್ದ ಎರಡು ತಿಂಗಳೂ ನಾನು ಅವನ್ನೇ ಹೆಕ್ಕಿ ಹೆಕ್ಕಿ ಸರಿಮಾಡಿದೆ. ಶುದ್ಧ ದಂಡ. ಮುಂದೆ ಆ ಪುಟಗಳಲ್ಲಿ ಎಷ್ಟೋ ಹಾರಿಯೇ ಹೋದವು.

ಒಂಬತ್ತು ಪುಟದ ಪತ್ರ ಬಂತು. ಒಂದೇ ಒಂದು ಅಕ್ಷರ ತಿದ್ದಿರಲಿಲ್ಲ. ನನ್ನ ಮೊದಲ ಅಧ್ಯಾಯದಲ್ಲಿ 1986ರಲ್ಲಿ ರಾಜೀವ್ ಗಾಂಧಿ ಬಂದು ಶಂಕುಸ್ಥಾಪನೆ ಮಾಡುತ್ತಾರೆ. ಕೊನೆಯದರಲ್ಲಿ 2005, ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಶುರುವಾದ ಸಮಾರಂಭ. ಫೋನಿನಲ್ಲಿ ಕೇಳಿದರು, "ಸರ್, ಈ ಎರಡೂ ಕಾರ್ಯಕ್ರಮಕ್ಕ ನಾಗಪ್ಪ ಹೋಗಿದ್ನೇನ್ರಿ?"

"ಇಲ್ಲ ಮೇಡಂ."

"ಮತ್ತ ನಾನ್ಯಾಕ ಅಲ್ಲಿ ನಿಂತೇನಿ?"

ನಾಲ್ಕನೇ ಅಧ್ಯಾಯದಲ್ಲಿ ಭೂಸ್ವಾಧೀನದ ಸರ್ವೆ ನಂಬರು, ಗುಂಟೆ, ಹಿಸ್ಸೆ ಎಲ್ಲ ಪುಟಗಟ್ಟಲೆ ಬರೆದಿದ್ದೆ. ಅದರ ಪಕ್ಕ ಅವರ ಟಿಪ್ಪಣಿ: ಇದು ಕಾದಂಬರಿಯೋ, ಪಹಣಿಯೋ? ಎರಡು ದಿನ ನಾನು ಅವರ ಫೋನ್ ಎತ್ತಲಿಲ್ಲ.

ಸಿಟ್ಟಿಳಿದ ಮೇಲೆ ಅವರು ಹೇಳಿದ ಕೆಲಸಕ್ಕೆ ಕೂತೆ. ಅಧ್ಯಾಯಕ್ಕೊಂದು ಚೀಟಿ, ಮೊದಲ ಸಾಲಿನಲ್ಲಿ ಇಲ್ಲಿ ಯಾರಿಗೆ ಏನು ಬೇಕು, ಎರಡನೆಯದರಲ್ಲಿ ಅಧ್ಯಾಯ ಮುಗಿಯುವಾಗ ಏನು ಬದಲಾಯಿತು. ಮೂವತ್ನಾಲ್ಕು ಚೀಟಿಗಳನ್ನು ಜಗಲಿಯಲ್ಲಿ ಸಾಲಾಗಿ ಹಾಸಿದೆ. ಹನ್ನೊಂದರಲ್ಲಿ ಎರಡನೇ ಸಾಲು ಖಾಲಿ. ಕಸ ಗುಡಿಸಲು ಬಂದ ಹೆಂಡತಿ ಬಗ್ಗಿ ಓದಿ, "ಸುಬ್ಬಿ ಹೆಸ್ರು ಎರಡೇ ಕಡೆ ಉಂಟಲ್ರಾ, ಮೀನು ಮಾರಿ ಮನೆ ನಡೆಸೂದು ಅವಳಲ್ವಾ?" ಅಂದಳು. ಒಂಬತ್ತು ಪುಟದ ಪತ್ರದ ಆರನೇ ಪುಟದಲ್ಲಿ ಇದೇ ಮಾತು ಇತ್ತು. ಹೆಂಡತಿಗೆ ಅದನ್ನು ಹೇಳಲಿಲ್ಲ.

ನನ್ನನ್ನು ನಿಜವಾಗಿ ಅಲುಗಿಸಿದ್ದು ಬೇರೆ ಪ್ರಶ್ನೆ. ಮನೆ ಬಿಡುವ ದಿನ ನಾಗಪ್ಪನ ಕೈಯಲ್ಲಿ ಏನಿತ್ತು? ನನ್ನ ಕರಡಿನಲ್ಲಿ 'ಭಾರವಾದ ಹೃದಯದಿಂದ ಹೊರಟ' ಎಂದಷ್ಟೇ ಇತ್ತು.

ನೌಕಾನೆಲೆಗೆ ಊರು ಬಿಟ್ಟವರು ನೆಲೆಸಿದ ತೋಡೂರಿನ ಕಾಲೊನಿಗೆ ಹೋಗಿ ಒಬ್ಬ ಅಜ್ಜನನ್ನು ಕೇಳಿದೆ. "ಬಲೆ ತುಂಡು" ಎಂದ. ರಂಪಣಿ ಬಲೆ ಒಬ್ಬನ ಸೊತ್ತಲ್ಲ. ಪಾಲಿನವರು ತಂತಮ್ಮ ತುಂಡು ತಂದು ಜೋಡಿಸಿ, ದೋಣಿಯಲ್ಲಿ ಸಮುದ್ರಕ್ಕೆ ಸುತ್ತು ಹಾಕಿ, ದಡದಲ್ಲಿ ನಿಂತು ಎರಡೂ ತುದಿ ಎಳೆಯಬೇಕು. 1970ರ ದಶಕದ ಕೊನೆಗೆ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರುವ ಮೊದಲೇ ಬಂಗುಡೆ ತಾರ್ಲೆ ಬಾಚತೊಡಗಿದ ಮೇಲೆ ರಂಪಣಿ ಸೊರಗಿತು. ಊರು ಬಿಡುವ ಹೊತ್ತಿಗೆ ಅಜ್ಜನ ತುಂಡು ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ಆದರೂ ಅದನ್ನು ಲಾರಿಗೆ ಹೇರಿದ್ದ. "ಒಂದ್ ತುಂಡಲ್ಲಿ ಮೀನ್ ಹಿಡೂಕೆ ಆತದ್ಯಾ? ಒಣಮೀನ್ ಮೇಲೆ ಹಾಸೂದು. ಕಾಕೆ ಬರೂದಿಲ್ಲ."

ಆ ಅಧ್ಯಾಯ ಮತ್ತೆ ಬರೆದೆ. ಈಗ ಬಲೆಯ ತುಂಡು ಲಾರಿಗೆ ಹೇರುವವಳು ಸುಬ್ಬಿ. ನಾಗಪ್ಪ ಬೇಡ ಅನ್ನುತ್ತಾನೆ, ಜಗಳವಾಗುತ್ತದೆ. ಹೃದಯ ಭಾರವಾಗುವ ಮಾತು ಎಲ್ಲೂ ಬರುವುದಿಲ್ಲ. 1986ರ ಸಮಾರಂಭ ಸುಬ್ಬಿಯ ಪಾಲಿಗೆ ಮೀನು ಬೇಗ ಖಾಲಿಯಾದ ಒಂದು ದಿನ, ಎರಡು ಸಾಲು.

ಅವರು ಹೇಳಿದ್ದೆಲ್ಲ ಒಪ್ಪಲಿಲ್ಲ. 'ಹೋತೆ', 'ಬತ್ತೆ' ಎಂಬ ನಮ್ಮ ಕಡೆ ಮಾತನ್ನು ತಿಳಿಮಾಡಿ, ಮೈಸೂರಿನವರು ಮುಗ್ಗರಿಸುತ್ತಾರೆ ಎಂದರು. ಧಾರವಾಡದ ಮಾತಿಗೆ ಯಾರಾದರೂ ಹೀಗೆ ಹೇಳುತ್ತಾರಾ ಎಂದು ಕೇಳಿದೆ. ನಕ್ಕು ಕೈಬಿಟ್ಟರು. ಶುರುವಿನಲ್ಲಿ ಮಾತಿಗಿಂತ ಕೆಲಸ ಹೆಚ್ಚು ಬರಲಿ, ಓದುವವರ ಕಿವಿ ಹದಕ್ಕೆ ಬರುತ್ತದೆ ಎಂದರು. ಅದು ಒಳ್ಳೆಯ ಸಲಹೆಯೇ.

ಇನ್ನೊಂದು ಮಾತು ನನಗೆ ತಡವಾಗಿ ತಿಳಿಯಿತು. ಪತ್ರ ಬಂದ ವಾರವೇ ಮೂರು ಅಧ್ಯಾಯ ತಿದ್ದಿ ಕಳಿಸಿದ್ದೆ. ಅವರು ತೆರೆಯಲೇ ಇಲ್ಲ. "ಒಂದ್ ತಿಂಗಳು ಏನೂ ಬರೀಬ್ಯಾಡ್ರಿ ಸರ್, ಬರೇ ಚೀಟಿ ಜೋಡಸ್ರಿ." ಸರಿಯಾಗಿಯೇ ಹೇಳಿದ್ದರು. ಆ ಮೂರರಲ್ಲಿ ಎರಡು ಈಗ ಕಾದಂಬರಿಯಲ್ಲಿ ಇಲ್ಲ.

ಎರಡನೇ ಸುತ್ತಿಗೆ 262 ಪುಟ ಉಳಿಯಿತು. ಸರ್ವೆ ನಂಬರುಗಳನ್ನೆಲ್ಲ ನಾನೇ ತೆಗೆದಿದ್ದೆ. ಅವರು ಒಂದನ್ನು ವಾಪಸ್ ಹಾಕಿಸಿದರು: ಓದು ಬರಹ ಬಾರದ ಸುಬ್ಬಿ, ಪರಿಹಾರಕ್ಕೆ ಕಚೇರಿ ಅಲೆದೂ ಅಲೆದೂ ಬಾಯಿಪಾಠವಾದ ತನ್ನ ಮನೆಯ ನಂಬರನ್ನು ಮೊಮ್ಮಗಳಿಗೆ ಹೇಳುವ ಜಾಗ. "ಅದೊಂದ ಇರ್ಲಿ ಸರ್" ಎಂದರು.

ಈಗ ಅರ್ಕಾವತ್ತು ಸರಿಮಾಡುತ್ತಿದ್ದೇನೆ.