ಮುಗಿಯುವ ಆಟಕ್ಕೆ ಡಿಸ್ಕ್, ಮುಗಿಯದ ಆಟಕ್ಕೆ ಡಿಜಿಟಲ್

ಸೋನಿಯ ಗೇಮ್ ಕನ್ಸೋಲ್ ಪಿಎಸ್ 5 ತಗೋಬೇಕು ಅಂತಿರುವವರು ಯಾವ ಗೇಮ್ ಚೆನ್ನಾಗಿದೆ ಅಂತ ಕೇಳುತ್ತಾರೆ. ಅದಕ್ಕೂ ಮೊದಲು ತೀರ್ಮಾನ ಆಗಬೇಕಾದ್ದು ಡಿಸ್ಕ್ ಡ್ರೈವ್ ಇರುವ ಮಾಡೆಲ್ಲೋ, ಇಲ್ಲದ್ದೋ ಅನ್ನುವುದು. 2024ರ ಏಪ್ರಿಲ್‌ನಲ್ಲಿ ಅದರ ತೆಳು ಆವೃತ್ತಿ ಸ್ಲಿಮ್ ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಮಾಡೆಲ್‌ಗೆ 54,990 ರೂಪಾಯಿ, ಡ್ರೈವ್ ಇಲ್ಲದೆ ಆಟವನ್ನು ಡೌನ್‌ಲೋಡ್ ಮಾಡಿಯೇ ಆಡುವ ಡಿಜಿಟಲ್ ಮಾಡೆಲ್‌ಗೆ 44,990. ಹತ್ತು ಸಾವಿರ ಉಳಿಯಿತಲ್ಲ ಅನ್ನಿಸುವುದು ಸಹಜ. ಆದರೆ ಸೋನಿಯ ದೊಡ್ಡ ಗೇಮ್ ಒಂದಕ್ಕೆ ಆಗ ಹೊಸದರಲ್ಲಿ 4,999 ಬೀಳುತ್ತಿತ್ತು. ಡ್ರೈವ್ ಇಲ್ಲದವರಿಗೆ, ಆಟ ಮುಗಿದ ಮೇಲೆ ಆ ದುಡ್ಡು ಹೋದ ಹಾಗೇ ಲೆಕ್ಕ. ಡ್ರೈವ್ ಇದ್ದರೆ ಡಿಸ್ಕ್ ಮಾರಿ ಒಂದು ಪಾಲು ವಾಪಸ್ ಪಡೆಯಬಹುದು. ಸ್ಲಿಮ್‌ಗೆ ಡ್ರೈವನ್ನು ಆಮೇಲೆ ಬೇರೆಯಾಗಿ ಕೂಡಿಸಬಹುದು, ನಿಜ. ಸಿಗುವಾಗಲೇ ಜೊತೆಗಿರುವುದನ್ನು ತಗೊಳ್ಳಿ ಅಂತಲೇ ನಾನು ಹೇಳುತ್ತೇನೆ.

ನನ್ನದು ಹಾಸನದಲ್ಲಿ ಮೆಡಿಕಲ್ ಸ್ಟೋರ್. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು, ಊಟ ಮುಗಿಸಿದ ಮೇಲೆ ಆಟಕ್ಕೆ ಸಿಗುವುದು ಒಂದು ಗಂಟೆ. ಹಾಗಾಗಿ ಗೇಮಿಗೆ ದುಡ್ಡು ಹಾಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಒಂದು ಸಲ ಮುಗಿಸಿ ಎತ್ತಿಡುವ ಆಟವೋ, ವರ್ಷಗಟ್ಟಲೆ ಮತ್ತೆ ಮತ್ತೆ ತೆರೆಯುವ ಆಟವೋ? ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಮೊದಲನೆಯ ಜಾತಿ. ಅದನ್ನು ಸೆಕೆಂಡ್ಸ್‌ನಲ್ಲಿ 2,800ಕ್ಕೆ ತಂದು, ಕಥೆ ಮುಗಿಸಿ, 2,200ಕ್ಕೆ ಮಾರಿದೆ. ಅಂಥ ಆಟಕ್ಕೆ ನನಗೆ ಬಿದ್ದ ಖರ್ಚು 600 ರೂಪಾಯಿ. ರೇಸಿಂಗ್, ಫೈಟಿಂಗ್, ನಾಲ್ಕು ಜನ ಸೇರಿದಾಗ ಹಾಕುವ ಆಟ, ಇವೆಲ್ಲ ಎರಡನೆಯ ಜಾತಿ. ಹತ್ತು ನಿಮಿಷ ಆಡೋಣ ಅಂದಾಗ ಎದ್ದು ಹೋಗಿ ಡಿಸ್ಕ್ ಬದಲಿಸುವ ರಗಳೆ ಬೇಡ. ಅವನ್ನು ಸೇಲ್‌ನಲ್ಲಿ ಡಿಜಿಟಲ್ ತಗೊಳ್ಳಿ.

ಸೆಕೆಂಡ್ಸ್ ಡಿಸ್ಕ್ ತಗೊಳ್ಳುವಾಗ ಕೇಸ್ ಹೊಸದಾಗಿ ಕಂಡಿತು ಅಂತ ಒಪ್ಪಿಬಿಡಬೇಡಿ. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಾಗಲಿ, ನಿಮ್ಮೂರಲ್ಲಿ ಯಾರದೋ ಮನೆಯಲ್ಲಾಗಲಿ, ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಮೊಬೈಲ್ ಟಾರ್ಚ್ ಹಾಕಿ, ಓರೆಯಾಗಿಸಿ ನೋಡಿ. ಬ್ಲೂ-ರೇ ಡಿಸ್ಕಿನಲ್ಲಿ ಡೇಟಾ ಇರುವ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗಿದೆ. ಡಿವಿಡಿಯಲ್ಲಿ ಅದು 0.6. ಮೇಲೆ ಗಟ್ಟಿ ಲೇಪನ ಇರುವುದರಿಂದ ಸಣ್ಣಪುಟ್ಟ ಗೆರೆಗಳಿಗೆ ಹೆದರಬೇಕಿಲ್ಲ, ಆದರೆ ಉಗುರಿಗೆ ತಗಲುವಷ್ಟು ಆಳದ ಗೀರು ಇದ್ದರೆ ಬಿಟ್ಟು ಬನ್ನಿ. ಪಾಲಿಶ್ ಮಾಡಿಸಿ ಸರಿಮಾಡುವಷ್ಟು ದಪ್ಪ ಅಲ್ಲಿ ಇಲ್ಲ. ಮಧ್ಯದಿಂದ ಅಂಚಿಗೆ ನೇರ ಹೋಗುವ ಗೆರೆಗಿಂತ ಸುತ್ತಲೂ ಬಳೆಯಂತೆ ಎದ್ದಿರುವ ಗೆರೆ ಹೆಚ್ಚು ಅಪಾಯ. ಆಟ ಶುರುವಾಯಿತು ಅಂದ ಮಾತ್ರಕ್ಕೆ ಡಿಸ್ಕ್ ಸರಿ ಇದೆ ಅಂತಲ್ಲ. ಡಿಸ್ಕಿನಿಂದ ಕನ್ಸೋಲಿಗೆ ಕಾಪಿ ಪೂರ್ತಿ ಆಗಬೇಕು, ತೆರೆಯ ಮೇಲೆ ಅದನ್ನು ತೋರಿಸುವ ಪಟ್ಟಿ ಕೊನೆ ಮುಟ್ಟಬೇಕು. ಮಾರುವವರ ಮನೆಯಲ್ಲೇ ಕನ್ಸೋಲ್ ಇದ್ದರೆ, ಹಾಕಿ ತೋರಿಸಿ ಅಂತ ಸಂಕೋಚವಿಲ್ಲದೆ ಕೇಳಿ. ಕೇಸ್ ಒಳಗಿನ ಕೋಡ್ ಚೀಟಿಯನ್ನು ಮೊದಲನೆಯವರು ಬಳಸಿರುತ್ತಾರೆ, ಅದಕ್ಕೆ ಬೆಲೆ ಕಟ್ಟಬೇಡಿ. ಫಾರಿನ್‌ನಿಂದ ತಂದ ಡಿಸ್ಕ್ ಆದರೆ ಇನ್ನೊಂದು ಮಾತು: ಆಟ ನಡೆಯುತ್ತದೆ, ಆದರೆ ಬೇರೆ ಪ್ರದೇಶದ ಡಿಸ್ಕಿಗೆ ಇಂಡಿಯಾದ ಪ್ಲೇಸ್ಟೇಷನ್ ಸ್ಟೋರಿನ ಡಿಎಲ್‌ಸಿ, ಅಂದರೆ ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚಿನ ಭಾಗ, ಕೂಡದೇ ಹೋಗಬಹುದು.

ಇನ್ನು ಡಿಜಿಟಲ್. ಬೇಕಾದ ಆಟವನ್ನೆಲ್ಲ ಪ್ಲೇಸ್ಟೇಷನ್ ಸ್ಟೋರಿನ ವಿಶ್‌ಲಿಸ್ಟ್‌ಗೆ ಹಾಕಿ ಸುಮ್ಮನಿರಿ. ಬೆಲೆ ಇಳಿದಾಗ ತಾನೇ ತಿಳಿಸುತ್ತದೆ. ಮೇ ಕೊನೆಗೆ ಶುರುವಾಗುವ ಡೇಸ್ ಆಫ್ ಪ್ಲೇ, ನವೆಂಬರ್‌ನ ಬ್ಲ್ಯಾಕ್ ಫ್ರೈಡೇ, ಡಿಸೆಂಬರ್‌ನ ಹಾಲಿಡೇ ಸೇಲ್, ಈ ಮೂರಕ್ಕೆ ದುಡ್ಡು ಎತ್ತಿಟ್ಟುಕೊಂಡರೆ ಸಾಕು. 60 ಪರ್ಸೆಂಟ್ ರಿಯಾಯಿತಿ ಅಂತ ಕಂಡರೂ ಪಿಎಸ್‌ಡೀಲ್ಸ್ ಅಥವಾ ಪಿಎಸ್‌ಪ್ರೈಸಸ್ ವೆಬ್‌ಸೈಟಿನಲ್ಲಿ ಇಂಡಿಯಾ ಆರಿಸಿ ಹಿಂದಿನ ಬೆಲೆ ನೋಡಿ. ಅದೇ ಆಟ ಹಿಂದೊಮ್ಮೆ ಇನ್ನೂ ಕಡಿಮೆಗೆ ಬಂದಿದ್ದರೆ ಇನ್ನೊಮ್ಮೆಯೂ ಬರಬಹುದು, ಕಾಯಿರಿ. ಸ್ಟೋರ್ ಪುಟದಲ್ಲಿ ಕೆಲವೊಮ್ಮೆ ಡೀಲಕ್ಸ್ ಎಡಿಷನ್ ಮೊದಲು ಕಾಣುವಂತೆ ಇಟ್ಟಿರುತ್ತಾರೆ. ಕೆಳಗೆ ಸರಿಸಿದರೆ ಸ್ಟ್ಯಾಂಡರ್ಡ್ ಇರುತ್ತದೆ. ಡೀಲಕ್ಸ್‌ನಲ್ಲಿ ಬಟ್ಟೆ, ಬಣ್ಣ ಬಿಟ್ಟು ಆಡಲು ಹೊಸ ಭಾಗ ಇದೆಯೇ ಓದಿ ನೋಡಿ.

ಕೊಳ್ಳುವುದನ್ನು ಫೋನಿನ ಪ್ಲೇಸ್ಟೇಷನ್ ಆ್ಯಪ್‌ನಲ್ಲಿ ಮಾಡಿ, ಡೌನ್‌ಲೋಡ್ ಒತ್ತಬೇಡಿ. ಸೋನಿಯ ನಿಯಮದಂತೆ ಕೊಂಡ 14 ದಿನದೊಳಗೆ ರೀಫಂಡ್ ಕೇಳಬಹುದು, ಆದರೆ ಡೌನ್‌ಲೋಡ್ ಶುರುವಾದರೆ ಆ ಹಕ್ಕು ಹೋಯಿತು. ಪಿಸಿ ಗೇಮ್‌ಗಳ ಅಂಗಡಿ ಸ್ಟೀಮ್‌ನಲ್ಲಿ ಎರಡು ಗಂಟೆಯೊಳಗೆ ಆಡಿ ನೋಡಿಯೂ ವಾಪಸ್ ಮಾಡಬಹುದು. ಕನ್ಸೋಲಿನವರಿಗೆ ಅಷ್ಟು ಧಾರಾಳ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆಡದೆ ಆಟ ಗೊತ್ತಾಗುವುದು ಹೇಗೆ?

ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಕಂಪನಿಯ ಕನ್ಸೋಲಿನಲ್ಲಿ ಸಿಗುವ ಆಟ, ಅನ್ನುವ ಮಾತಿಗೆ ಈಗ ಮೊದಲಿನ ತೂಕ ಇಲ್ಲ. ಘೋಸ್ಟ್ ಆಫ್ ತ್ಸುಶಿಮಾ 2020ರಲ್ಲಿ ಪಿಎಸ್ 4ಕ್ಕೆ ಬಂತು, 2024ರಲ್ಲಿ ಪಿಸಿಗೆ. ರ‍್ಯಾಗ್ನರಾಕ್ ಪಿಸಿಗೆ ಬರಲು ಎರಡು ವರ್ಷವೂ ಹಿಡಿಯಲಿಲ್ಲ. ಎಕ್ಸ್‌ಬಾಕ್ಸ್‌ನ ಹೆಮ್ಮೆಯಾಗಿದ್ದ ಫೋರ್ಜಾ ಹೊರೈಜನ್ 5 ಆಟವೇ 2025ರ ಏಪ್ರಿಲ್‌ನಲ್ಲಿ ಪಿಎಸ್ 5ಕ್ಕೆ ಬಂತು. ಮನೆಯಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಇದ್ದರೆ, ಒಂದೆರಡು ಎಕ್ಸ್‌ಕ್ಲೂಸಿವ್‌ಗೋಸ್ಕರ ಕನ್ಸೋಲಿಗೆ ಅರ್ಧ ಲಕ್ಷ ಸುರಿಯಬೇಡಿ. ಹಾಗೆಂದು ಎಲ್ಲವೂ ಬರುವುದಿಲ್ಲ. 2015ರ ಬ್ಲಡ್‌ಬೋರ್ನ್‌ಗಾಗಿ ಪಿಸಿಯವರು ಹತ್ತು ವರ್ಷ ಕಾದರೂ ಅದು ಬರಲಿಲ್ಲ. 2024ರ ಆಸ್ಟ್ರೋ ಬಾಟ್ ಪಿಎಸ್ 5ರ ಕಂಟ್ರೋಲರ್ ಕೈಯಲ್ಲಿ ನಡುಗುವ ರೀತಿಗೇ ಮಾಡಿದ ಆಟ. ಮರಳಿನ ಮೇಲೆ ನಡೆದರೆ ಒಂದು ತರಹ, ಗಾಜಿನ ಮೇಲೆ ಇನ್ನೊಂದು ತರಹ ಬೆರಳಿಗೆ ತಾಗುತ್ತದೆ. ಮಕ್ಕಳಿರುವ ಮನೆಗೆ ನಾನು ಮೊದಲು ಹೇಳುವ ಹೆಸರು ಅದೇ.

ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್ ಇದ್ದರೆ ಏನನ್ನಾದರೂ ಕೊಳ್ಳುವ ಮೊದಲು ಅದರ ಪಟ್ಟಿ ನೋಡಿ. ನನ್ನ ಅಕ್ಕನ ಮಗ ಪ್ರತಿ ಸೆಪ್ಟೆಂಬರ್‌ನಲ್ಲಿ "ಮಾವ, ಈ ಸಲದ ಫುಟ್‌ಬಾಲ್ ತಗೊಳೋಣ" ಅಂತ ಶುರುಮಾಡುತ್ತಾನೆ. ಇಎ ಸ್ಪೋರ್ಟ್ಸ್ ಎಫ್‌ಸಿ 24 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. 2024ರ ಮೇ ತಿಂಗಳಲ್ಲಿ ಅದು ಪ್ಲಸ್‌ನ ಮೊದಲ ಹಂತವಾದ ಎಸೆನ್ಷಿಯಲ್ ಸದಸ್ಯರಿಗೆ ತಿಂಗಳ ಆಟವಾಗಿ ಸಿಕ್ಕಿತು. ಹೀಗೆ ಸಿಕ್ಕ ಆಟ ಚಂದಾ ಇರುವ ತನಕ ಮಾತ್ರ ನಡೆಯುತ್ತದೆ. ಅದರ ಮೇಲಿನ ಹಂತ ಎಕ್ಸ್‌ಟ್ರಾದ ಪಟ್ಟಿಯಿಂದ ಆಟಗಳು ಹೊರಗೂ ಹೋಗುತ್ತವೆ, ಹಾಗಾಗಿ ಅಲ್ಲಿ ಉದ್ದದ ಆಟ ಹಿಡಿಯುವ ಮೊದಲು "ಲಾಸ್ಟ್ ಚಾನ್ಸ್ ಟು ಪ್ಲೇ" ಸಾಲಿನ ಮೇಲೆ ಕಣ್ಣಾಡಿಸಿ.

ಡಿಸ್ಕ್ ಕೈಲಿದ್ದರೆ ಆಟ ನಮ್ಮದು ಅನ್ನುವ ಭರವಸೆಯೂ ಪೂರ್ತಿ ಸರಿಯಲ್ಲ. ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ದಿ ಕ್ರೂ ಅನ್ನುವ ರೇಸಿಂಗ್ ಆಟದ ಸರ್ವರ್ ಮುಚ್ಚಿದಾಗ ಡಿಸ್ಕ್ ಕೊಂಡವರೂ ಆಡುವ ಹಾಗಿರಲಿಲ್ಲ. ಒಬ್ಬರೇ ಆಡುವಾಗಲೂ ಇಂಟರ್ನೆಟ್ ಬೇಕೇ ಬೇಕು ಅಂತ ಬರೆದಿರುವ ಆಟಕ್ಕೆ ನಾನು ಪೂರ್ತಿ ಬೆಲೆ ಕೊಡುವುದಿಲ್ಲ, ಡಿಸ್ಕಾಗಲಿ ಡಿಜಿಟಲ್ ಆಗಲಿ.

ಕೊನೆಗೆ, ಪ್ಲೇಸ್ಟೇಷನ್ ಅಕೌಂಟ್. ತೆರೆಯುವಾಗ ದೇಶ ಇಂಡಿಯಾ ಅಂತಲೇ ಆರಿಸಿ, ಆಮೇಲೆ ಬದಲಿಸಲು ಬರುವುದಿಲ್ಲ. ಮನೆಯ ಕನ್ಸೋಲಿನಲ್ಲಿ "ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ" ಆನ್ ಮಾಡಿಟ್ಟರೆ ನೀವು ಕೊಂಡ ಡಿಜಿಟಲ್ ಆಟವನ್ನು ಮಕ್ಕಳು ಅವರವರ ಅಕೌಂಟಿನಿಂದಲೇ ಆಡಬಹುದು, ನೀವು ಆಡಿ ಉಳಿಸಿಟ್ಟ ಸೇವ್‌ಗೆ ಏನೂ ಆಗುವುದಿಲ್ಲ. ಕಾರ್ಡ್ ಉಳಿಸಿಡುವ ಬದಲು ಗಿಫ್ಟ್ ಕಾರ್ಡಿನಿಂದ ವಾಲೆಟ್ ತುಂಬಿಸಿ. ಟೂ-ಸ್ಟೆಪ್ ವೆರಿಫಿಕೇಷನ್ ಇವತ್ತೇ ಆನ್ ಮಾಡಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಕನ್ಸೋಲಿನ ಬಿಲ್ ಜೊತೆ ಇಡಿ.