ಒಂದೇ ಕಿಟಕಿಯ ಕೋಣೆಯಲ್ಲಿ ಇಬ್ಬರ ಮಾತುಕತೆಯನ್ನು ಚಿತ್ರೀಕರಿಸುವುದು ಹೇಗೆ

ಒಂದು ಕೋಣೆ, ಅದಕ್ಕೊಂದೇ ಕಿಟಕಿ, ಒಳಗೆ ಇಬ್ಬರ ಮಾತು. ಸಿನಿಮಾ ಆಗಲಿ, ಧಾರಾವಾಹಿ ಆಗಲಿ, ಛಾಯಾಗ್ರಾಹಕರ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುವ ದೃಶ್ಯ ಇದೇ. ಜಿಂಬಲ್ ಹಿಡಿದು ಓಡುವುದನ್ನು, ಡ್ರೋನ್ ಹಾರಿಸುವುದನ್ನು ಕಲಿಯಬೇಕೆಂದು ಬರುವವರನ್ನು ನಾನು ಮೊದಲು ಕೂರಿಸುವುದೂ ಇಂಥ ಕೋಣೆಯಲ್ಲೇ. ಇಲ್ಲಿ ಕೈ ಪಳಗಿದವರಿಗೆ ದೊಡ್ಡ ಸೆಟ್‌ನಲ್ಲಿ ಹೊಸದಾಗಿ ಕಲಿಯಬೇಕಾದದ್ದು ಅಷ್ಟೇನೂ ಇರುವುದಿಲ್ಲ.

ಒಂದು ದೃಶ್ಯವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಕ್ಕ ಕಿಟಕಿಯ ಬಳಿ ಕುಳಿತು ಒಣಗಿದ ಬಟ್ಟೆ ಮಡಿಸುತ್ತಿದ್ದಾಳೆ. ತಮ್ಮ ಬಂದು ಬಾಗಿಲ ಬಳಿ ನಿಲ್ಲುತ್ತಾನೆ. ಅಪ್ಪ ಕಟ್ಟಿಸಿದ ಮನೆಯನ್ನು ಮಾರುವುದಕ್ಕೆ ಮುಂಗಡ ತೆಗೆದುಕೊಂಡಾಗಿದೆ ಎನ್ನುತ್ತಾನೆ; ಕಾರಣಗಳನ್ನು ಒಂದರ ಹಿಂದೆ ಒಂದು ಹೇಳುತ್ತಾ ಹೋಗುತ್ತಾನೆ. ಅವಳು "ಯಾವಾಗ?" ಎಂದಷ್ಟೇ ಕೇಳುತ್ತಾಳೆ.

ಕ್ಯಾಮೆರಾ ಪೆಟ್ಟಿಗೆ ತೆರೆಯುವ ಮೊದಲು ನಿರ್ದೇಶಕರ ಜೊತೆ ಕುಳಿತು ಒಂದು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳಿ: ಈ ದೃಶ್ಯ ಯಾರದು? ಮಾತು ಹೆಚ್ಚಿರುವುದು ತಮ್ಮನಿಗೆ. ಹಾಗೆಂದು ದೃಶ್ಯ ಅವನದಾಗುವುದಿಲ್ಲ. ಅವನು ಎಲ್ಲ ನಿರ್ಧರಿಸಿಕೊಂಡೇ ಬಂದವನು. ಬಂದಾಗ ಹೇಗಿದ್ದನೋ ಹೋಗುವಾಗಲೂ ಹಾಗೇ ಇರುತ್ತಾನೆ. ಬದಲಾಗುವವಳು ಅಕ್ಕ. ಆದ್ದರಿಂದ ದೃಶ್ಯ ಅವಳದು. ಬೆಳಕು ಎಲ್ಲಿಂದ, ಲೆನ್ಸ್ ಯಾವುದು, ಯಾರ ಕ್ಲೋಸಪ್ ಎಷ್ಟು ಹತ್ತಿರ ಎಂಬ ಮುಂದಿನ ತೀರ್ಮಾನಗಳೆಲ್ಲ ಈ ಒಂದು ಉತ್ತರದಿಂದಲೇ ಹೊರಡುತ್ತವೆ. ನಿಮ್ಮ ಉತ್ತರ ಒಂದು, ನಿರ್ದೇಶಕರದು ಇನ್ನೊಂದು ಎಂದಾದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಲೈಟ್ ಹಾಕಿದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.

ಈಗ ಕೋಣೆಯ ಲೈಟುಗಳನ್ನೆಲ್ಲ ಆರಿಸಿ, ಕಿಟಕಿಯ ಬೆಳಕೊಂದನ್ನೇ ನೋಡಿ. ಇಬ್ಬರು ಪರಸ್ಪರ ನೋಡುವ ದಾರಿಯಲ್ಲಿ ಒಂದು ಕಾಲ್ಪನಿಕ ರೇಖೆ ಎಳೆದುಕೊಳ್ಳಿ. ಕ್ಯಾಮೆರಾ ಆ ರೇಖೆಯ ಒಂದೇ ಬದಿಯ 180 ಡಿಗ್ರಿಯೊಳಗೆ ಇರಬೇಕು. ದಾಟಿದರೆ ಸಂಕಲನದಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಯಾವ ಬದಿ ಎಂಬ ಪ್ರಶ್ನೆ ಬಂದಾಗ ಮಾತ್ರ ಟ್ರೈಪಾಡ್ ಇಡಲು ಜಾಗ ಎಲ್ಲಿದೆ ಎಂದು ಹುಡುಕುತ್ತಾರೆ. ಅದನ್ನು ಬೆಳಕು ನೋಡಿ ತೀರ್ಮಾನಿಸಿ. ಕಿಟಕಿ ರೇಖೆಯ ಆ ಬದಿಗಿದ್ದರೆ ಕ್ಯಾಮೆರಾ ಈ ಬದಿಗಿರಲಿ. ಆಗ ಇಬ್ಬರ ಮುಖದಲ್ಲೂ ಬೆಳಕು ಬಿದ್ದ ಭಾಗ ಆಚೆಗೆ ಹೋಗಿ, ನೆರಳಿನ ಭಾಗ ಕ್ಯಾಮೆರಾ ಕಡೆಗೆ ಬರುತ್ತದೆ. ಮೂಗು, ಕೆನ್ನೆ, ದವಡೆಯ ಏರಿಳಿತವೆಲ್ಲ ಎದ್ದು ಕಾಣುತ್ತದೆ. ಒಂದೇ ಕಿಟಕಿ ಎರಡೂ ಕ್ಲೋಸಪ್‌ಗೆ ಸಾಕಾಗುತ್ತದೆ. ಅದೇ ಕ್ಯಾಮೆರಾವನ್ನು ಕಿಟಕಿಯ ಬದಿಗೇ ಇಟ್ಟರೆ ಮುಖಗಳು ಚಪ್ಪಟೆಯಾಗುತ್ತವೆ, ಹಿಂದಿನ ಗೋಡೆಯೂ ಮುಖದಷ್ಟೇ ಬೆಳಗಿ ಕೋಣೆಯ ಆಳ ಮಾಯವಾಗುತ್ತದೆ. ಆಮೇಲೆ ಎಷ್ಟು ಲೈಟ್ ತಂದರೂ ಅದು ಮರಳಿ ಬರುವುದಿಲ್ಲ.

ಅಕ್ಕನನ್ನು ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ, ಬೆಳಕು ಪಕ್ಕದಿಂದ ಬೀಳುವಂತೆ ಕೂರಿಸಿ. ತಮ್ಮ ಕೋಣೆಯ ಒಳಭಾಗದಲ್ಲಿ, ಮೂರು ಮೀಟರ್ ದೂರದಲ್ಲಿ ನಿಲ್ಲಲಿ. ಬೆಳಕಿನ ಮೂಲ ಚಿಕ್ಕದಾಗಿದ್ದಾಗ ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ, ಅಂದರೆ ಎರಡು ಸ್ಟಾಪ್ ಕೆಳಕ್ಕೆ ಇಳಿಯುತ್ತದೆ (ಬೆಳಕು ಅರ್ಧಕ್ಕೆ ಇಳಿದರೆ ಅದು ಒಂದು ಸ್ಟಾಪ್). ಅಗಲ ಕಿಟಕಿಯ ಪಕ್ಕದಲ್ಲೇ ಇಳಿತ ಇಷ್ಟು ಕಡಿದಾಗಿರುವುದಿಲ್ಲ, ಆದರೂ ತಮ್ಮ ನಿಂತ ಜಾಗ ಸಾಕಷ್ಟು ಮಂಕಾಗಿರುತ್ತದೆ. ಅದನ್ನು ಹಾಗೇ ಬಿಡಿ. ದೃಶ್ಯ ಅಕ್ಕನದು ಎಂದು ನಾವು ತೀರ್ಮಾನಿಸಿದ್ದನ್ನು ಪ್ರೇಕ್ಷಕರ ಕಣ್ಣಿಗೆ ತಿಳಿಸುವುದು ಈ ವ್ಯತ್ಯಾಸವೇ. ಅವನು ಒಂದು ಹೆಜ್ಜೆ ಮುಂದೆ ಬಂದರೆ ಅವನ ಮುಖವೂ ಸ್ಪಷ್ಟವಾಗುತ್ತದೆ. ಆ ಹೆಜ್ಜೆಯನ್ನು ಯಾವ ಮಾತಿನ ಮೇಲೆ ಇಡಬೇಕೆಂದು ನಟನೊಂದಿಗೆ ಮಾತಾಡಿಕೊಳ್ಳಿ.

ಇನ್ನು ಕಪ್ಪು ಬಟ್ಟೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಲೈಟ್ ಕೇಳಿ ಪಡೆಯುವವರಲ್ಲಿ ಬಟ್ಟೆ ಕೇಳುವವರು ಕಡಿಮೆ. ಕೋಣೆಯ ಗೋಡೆ ಬಿಳಿಯಾಗಿದ್ದರೆ ಕಿಟಕಿಯಿಂದ ಬಂದ ಬೆಳಕು ಎದುರು ಗೋಡೆಗೆ ಬಡಿದು ವಾಪಸು ಬಂದು ನೆರಳಿನ ಕೆನ್ನೆಯನ್ನು ತುಂಬಿಬಿಡುತ್ತದೆ. ಬರಿಗಣ್ಣಿಗೆ ಚೆಂದವಾಗಿ ಕಂಡ ಮುಖ ಮಾನಿಟರ್‌ನಲ್ಲಿ ಸಪ್ಪೆಯಾಗುವುದು ಇದರಿಂದಲೇ. ಆಗ ಇನ್ನೊಂದು ಲೈಟ್ ತಂದರೆ ತೊಂದರೆ ಹೆಚ್ಚುತ್ತದೆ. ಒಂದೂವರೆ ಮೀಟರ್ ಅಗಲದ ಕಪ್ಪು ಬಟ್ಟೆಯನ್ನು ಸ್ಟ್ಯಾಂಡಿಗೆ ಕಟ್ಟಿ, ಅಕ್ಕನ ನೆರಳಿನ ಬದಿಗೆ, ಚೌಕಟ್ಟಿನ ಅಂಚಿನ ಹೊರಗೆ, ಎಷ್ಟು ಸಾಧ್ಯವೋ ಅಷ್ಟು ಹತ್ತಿರ ನಿಲ್ಲಿಸಿ. ಗೋಡೆಯಿಂದ ಬರುತ್ತಿದ್ದ ಬೆಳಕು ನಿಲ್ಲುತ್ತದೆ, ಕೆನ್ನೆ ಕೂಡಲೇ ಗಾಢವಾಗುತ್ತದೆ. ಬಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತನ್ನಿ. ನೆರಳಿನ ಬದಿಯ ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನ ಮೂಡುತ್ತಾ ಮರೆಯಾಗುತ್ತಾ ಹೋಗುವುದನ್ನು ಗಮನಿಸಿ. ಇದನ್ನು ನಾನು ಎಷ್ಟು ವರ್ಷದಿಂದ ಮಾಡುತ್ತಿದ್ದರೂ ಪ್ರತಿ ಸಲವೂ ಅಷ್ಟೇ ಸಂತೋಷವಾಗುತ್ತದೆ. ಬೆಳಕು ಬಿದ್ದ ಕೆನ್ನೆಗೂ ನೆರಳಿನ ಕೆನ್ನೆಗೂ ಎರಡು ಸ್ಟಾಪ್ ಅಂತರವಿದ್ದರೆ ಅದು 4:1 ಅನುಪಾತ. ಈ ದೃಶ್ಯಕ್ಕೆ ನನಗೆ ಅದು ಹಿಡಿಸುತ್ತದೆ. ಮೂರು ಸ್ಟಾಪ್‌ಗೆ, ಅಂದರೆ 8:1ಕ್ಕೆ ಹೋದರೆ ಅಪರಾಧ ನಡೆಯುವ ಮನೆಯಂತೆ ಕಾಣತೊಡಗುತ್ತದೆ. ಒಂದೇ ಸ್ಟಾಪ್ ಇಟ್ಟರೆ ಏನೂ ಆಗದ ಸಾಮಾನ್ಯ ಬೆಳಗಿನಂತೆ ಕಾಣುತ್ತದೆ.

ನೆರಳಿನ ಬದಿಯ ಕಣ್ಣು ಮಾತ್ರ ಸತ್ತಂತೆ ಇರಬಾರದು. ಲೆನ್ಸಿನ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಅಂಗೈ ಅಗಲದ ಬಿಳಿ ಥರ್ಮಾಕೋಲ್ ತುಂಡು ಹಿಡಿಸಿ. ಕೆನ್ನೆಗೆ ಏನೂ ಆಗದೆ ಕಣ್ಣಿನಲ್ಲಿ ಮಾತ್ರ ಒಂದು ಚುಕ್ಕಿ ಹೊಳೆಯುವವರೆಗೆ ಅದನ್ನು ತಿರುಗಿಸುತ್ತಿರಿ.

ಸೂರ್ಯ ನಿಮಗಾಗಿ ನಿಲ್ಲುವುದಿಲ್ಲವಾದ್ದರಿಂದ ಕಿಟಕಿಯ ಬೆಳಕನ್ನು ಅನುಕರಿಸುವುದನ್ನೂ ಕಲಿತಿರಬೇಕು. ಲೈಟನ್ನು ಕಿಟಕಿಯ ಹೊರಗೆ, ಜಾಗ ಇರುವಷ್ಟು ದೂರದಲ್ಲಿಡಿ. ಹತ್ತಿರವಿಟ್ಟರೆ ಅಕ್ಕನ ಕೈ ಕಿಟಕಿಯ ಕಡೆಗೆ ಒಂದಿಷ್ಟು ಚಾಚಿದರೂ ಚಿತ್ರದಲ್ಲಿ ಅದು ಪೂರ್ತಿ ಬೆಳ್ಳಗಾಗಿ ಉರಿದುಹೋಗುತ್ತದೆ. ದೂರವಿಟ್ಟರೆ ಕೋಣೆಯುದ್ದಕ್ಕೂ ಇಳಿತ ಸಾವಕಾಶವಾಗಿರುತ್ತದೆ. ಮೃದುವಾದ ಬೆಳಕು ಬೇಕಿದ್ದರೆ ಲೈಟನ್ನು ನೇರವಾಗಿ ಬಿಡದೆ ದೊಡ್ಡ ಬಿಳಿ ಬಟ್ಟೆಗೆ ಹೊಡೆದು ಅಲ್ಲಿಂದ ಒಳಗೆ ಬರುವಂತೆ ಮಾಡಿ. ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೊ' ಚಿತ್ರದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಸ್ಟುಡಿಯೋ ಒಳಗೆ ಕಟ್ಟಿದ್ದ ಕಾಶಿಯ ಮನೆಯ ಅಂಗಳಕ್ಕೆ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಲೈಟುಗಳನ್ನು ಅದಕ್ಕೆ ತಿರುಗಿಸಿ ತೆರೆದ ಆಕಾಶದ ಬೆಳಕನ್ನು ಸೃಷ್ಟಿಸಿದರು. ಹೀಗೆ ಬಟ್ಟೆಗೆ ಬಡಿದು ಬರುವ ಬೌನ್ಸ್ ಬೆಳಕನ್ನು ಅಭ್ಯಾಸ ಮಾಡುವವರು ಆ ಅಂಗಳದ ದೃಶ್ಯಗಳಲ್ಲಿ ನೆರಳು ಹೇಗೆ ಬೀಳುತ್ತದೆ, ಎಲ್ಲಿ ಬೀಳುವುದೇ ಇಲ್ಲ ಎಂಬುದನ್ನು ಕುಳಿತು ನೋಡಬೇಕು. ಇದಕ್ಕೆ ವಿರುದ್ಧವಾದ ಕಡು ಬಿಸಿಲುಕೋಲು ಬೇಕೆನಿಸಿದರೆ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಕಡೆಗೆ ತಿರುಗಬೇಕು. 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಪ್ರಸಿದ್ಧ ಬೆಳಕಿನ ಕೋಲಿಗೆ ಅವರು ಬಳಸಿದ್ದು ಹೊರಗಿನ ಬಿಸಿಲನ್ನೇ. ಕನ್ನಡಿಗಳಿಂದ ಅದನ್ನು ಸ್ಟುಡಿಯೋ ಒಳಗೆ ತಿರುಗಿಸಿದರು. ಕನ್ನಡಿಯ ಉಪಾಯ ಇವತ್ತಿಗೂ ನಡೆಯುತ್ತದೆ. ಸೂರ್ಯ ಸರಿಯುತ್ತಿದ್ದಂತೆ ಕನ್ನಡಿಯನ್ನೂ ತಿರುಗಿಸಲು ಒಬ್ಬರು ಪಕ್ಕದಲ್ಲೇ ನಿಂತಿರಬೇಕು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ: ಹಗಲು ಬೆಳಕಿಗೆ 5600 ಕೆಲ್ವಿನ್, ಟಂಗ್‌ಸ್ಟನ್ ಲೈಟಿಗೆ 3200. ಒಳಗೊಂದು ಹಳದಿ ಬಲ್ಬ್ ಉರಿಯುತ್ತಿದ್ದು ಕ್ಯಾಮೆರಾವನ್ನು 4500ರ ಆಸುಪಾಸಿನಲ್ಲಿ ಇಟ್ಟರೆ ಕಿಟಕಿ ತುಸು ನೀಲಿಯಾಗಿ, ಬಲ್ಬ್ ತುಸು ಬೆಚ್ಚಗೆ ಕಾಣುತ್ತದೆ. ಎರಡೂ ಇರಲಿ ಎನಿಸಿದರೆ ಹಾಗೆ ಮಾಡಿ. ನಮ್ಮ ದೃಶ್ಯದಲ್ಲಿ ನಾನಾದರೆ ಬಲ್ಬ್ ಆರಿಸುತ್ತೇನೆ. ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಷರ್ ಯಾವ ಕಾರಣಕ್ಕೂ ಆಟೋದಲ್ಲಿ ಇರಬಾರದು. ಮೊಬೈಲ್‌ನಲ್ಲಿ ತೆಗೆಯುವವರು ಎರಡನ್ನೂ ಲಾಕ್ ಮಾಡಿಕೊಳ್ಳಿ. ಕೋಣೆಯಲ್ಲಿ ಕರೆಂಟಿನ ಲೈಟ್ ಉರಿಯುತ್ತಿದ್ದು ಅಲ್ಲಿಯ ವಿದ್ಯುತ್ 50 ಹರ್ಟ್ಸ್‌ನದಾದರೆ ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡ್ ಇರಲಿ; ಶಟರನ್ನು ಕೋನದಲ್ಲಿ ತೋರಿಸುವ ಕ್ಯಾಮೆರಾ ಆದರೆ 172.8 ಡಿಗ್ರಿ. ಇಲ್ಲವಾದರೆ ಮಿನುಗು ಬರುವ ಸಾಧ್ಯತೆಯಿದೆ. ಬೆಳಕು ಹೆಚ್ಚಾಯಿತೆಂದು ಶಟರ್ ವೇಗ ಏರಿಸಬೇಡಿ, ಚಲನೆ ಕತ್ತರಿಸಿದಂತಾಗುತ್ತದೆ. ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ: 0.6 ಎಂದರೆ ಎರಡು ಸ್ಟಾಪ್, 0.9 ಎಂದರೆ ಮೂರು.

ಲೆನ್ಸ್ ಆರಿಸುವಾಗ ಅಂಕಿಗಿಂತ ಮೊದಲು ದೂರ ನಿಶ್ಚಯಿಸಿ. ಮುಖದ ಆಕಾರ, ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಅಂತರದ ಭಾವ, ಎಲ್ಲವೂ ಕ್ಯಾಮೆರಾ ನಿಂತ ದೂರವನ್ನು ಅವಲಂಬಿಸಿವೆ. ಅಲ್ಲಿಂದ ಎಷ್ಟು ಭಾಗ ಚೌಕಟ್ಟಿಗೆ ಬರುತ್ತದೆ ಎಂಬುದನ್ನಷ್ಟೇ ಲೆನ್ಸ್ ಹೇಳುತ್ತದೆ. ಅಕ್ಕನ ಬಳಿಗೆ ಹೋಗಿ. ಒಂದು ಮೀಟರ್‌ಗಿಂತ ತುಸು ಆಚೆ, ಸೂಪರ್ 35 ಸೆನ್ಸರ್ (ಸಿನಿಮಾ ಕ್ಯಾಮೆರಾಗಳ ಒಂದು ಸಾಮಾನ್ಯ ಅಳತೆ) ಆದರೆ 40 ಅಥವಾ 50 ಎಂಎಂ. ಅವಳು ಉಸಿರೆಳೆದುಕೊಂಡರೆ ಕತ್ತಿನ ನರ ಕಾಣುವಷ್ಟು ಹತ್ತಿರ ನಾವಿರಬೇಕು. ತಮ್ಮನನ್ನು ಅವಳು ಕುಳಿತ ಕಡೆಯಿಂದಲೇ 75 ಎಂಎಂನಲ್ಲಿ ತೆಗೆಯಿರಿ. ಅವನ ಮುಖದ ಗಾತ್ರ ಚೌಕಟ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ ದೂರದಿಂದ ನೋಡಿದ ಭಾವ ಬರುತ್ತದೆ, ಹಿನ್ನೆಲೆ ಅವನ ಬೆನ್ನಿಗೆ ಒತ್ತಿಕೊಂಡಂತೆ ಕಾಣುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, 2.8ರಿಂದ 4ರ ನಡುವೆ ಇರಲಿ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 1.4ಕ್ಕೆ ತೆರೆಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ ಒಂದು ಕಣ್ಣು ಫೋಕಸ್‌ನಲ್ಲಿದ್ದರೆ ಇನ್ನೊಂದು ಮಸುಕಾಗುತ್ತದೆ, ಅವಳು ಕುಳಿತಿರುವ ಮನೆಯೂ ಅಳಿಸಿಹೋಗುತ್ತದೆ. ಮಾರಾಟವಾಗುತ್ತಿರುವುದು ಆ ಮನೆ. ಅದು ಕಾಣಲೇಬೇಕು.

ಲುಕ್, ಅಂದರೆ ನಟರು ನೋಡುವ ದಿಕ್ಕಿನ ವಿಷಯದಲ್ಲಿ ನಾನು ಹಟವಾದಿ. ಕ್ಲೋಸಪ್‌ನಲ್ಲಿ ನಟಿಯ ದೃಷ್ಟಿ ಲೆನ್ಸಿಗೆ ಹತ್ತಿರವಾದಷ್ಟೂ ಎರಡೂ ಕಣ್ಣು ನಮಗೆ ಸಿಗುತ್ತವೆ, ಅವಳ ಒಳಗೆ ನಮಗೆ ಪ್ರವೇಶ ಸಿಗುತ್ತದೆ. ತಮ್ಮನ ಪಾತ್ರಧಾರಿ ಲೆನ್ಸಿನ ಅಂಚಿಗೆ ತಲೆ ತಾಗುವಂತೆ ನಿಂತು ತನ್ನ ಮಾತನ್ನು ಪೂರ್ತಿ ಹೇಳಬೇಕು. ಸ್ಟ್ಯಾಂಡಿಗೆ ಟೇಪ್ ಅಂಟಿಸಿ "ಇಲ್ಲಿ ನೋಡಿ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಟೇಪಿನ ಮುಖಕ್ಕೆ ಯಾರೂ "ಯಾವಾಗ?" ಎಂದು ಕೇಳಲಾರರು. ತಮ್ಮನ ಶಾಟ್‌ಗಳಲ್ಲಿ ಮಾತ್ರ ಅವನ ಲುಕ್ ಲೆನ್ಸಿನಿಂದ ಒಂದಿಷ್ಟು ದೂರವೇ ಇರಲಿ, ಅರ್ಧ ಪಾರ್ಶ್ವಮುಖ ಸಾಕು.

ಬಟ್ಟೆ ಮಡಿಸುವ ಕೈಗಳ ಬಗ್ಗೆ ಪ್ರತ್ಯೇಕವಾಗಿ ಯೋಚಿಸಿ. ಕೈ ನಿಲ್ಲುವ ಕ್ಷಣವೇ ಈ ದೃಶ್ಯದ ತಿರುವು. ಅದಕ್ಕೆ ಬೇರೆ ಇನ್ಸರ್ಟ್ ಶಾಟ್, ಅಂದರೆ ಕೈಗಳನ್ನಷ್ಟೇ ತೋರಿಸುವ ಶಾಟ್ ತೆಗೆದರೆ ಪ್ರೇಕ್ಷಕರಿಗೆ ಬೆರಳು ತೋರಿಸಿ ಹೇಳಿದಂತಾಗುತ್ತದೆ. ಅದರ ಬದಲು ಅಕ್ಕನ ಮಿಡ್ ಶಾಟ್‌ನಲ್ಲಿ (ಸೊಂಟದಿಂದ ಮೇಲೆ ಕಾಣುವ ಶಾಟ್) ಚೌಕಟ್ಟಿನ ಕೆಳ ಅಂಚಿಗೆ ಕೈಗಳು ಬರುವಂತೆ ಕ್ಯಾಮೆರಾವನ್ನು ಒಂದಿಷ್ಟು ಎತ್ತರದಿಂದ ಬಾಗಿಸಿ. ತಮ್ಮ ಬಂದಾಗ ಅವಳು ಮಡಿಸುತ್ತಿರುತ್ತಾಳೆ, ಮುಂಗಡದ ಮಾತು ಬಂದಾಗಲೂ ಮಡಿಸುತ್ತಿರುತ್ತಾಳೆ. ಅವನ ಮೂರನೆಯ ಕಾರಣಕ್ಕೆ ಅಂಗಿಯ ಒಂದು ತೋಳು ಒಳಗೆ ಹೋಗಿ ಇನ್ನೊಂದು ಹೊರಗೇ ಉಳಿಯುತ್ತದೆ. ಅಲ್ಲಿಯವರೆಗೆ ಮಿಡ್ ಶಾಟ್ ಬಿಡಬೇಡಿ. ಕೈ ನಿಂತ ಮೇಲಷ್ಟೇ ಕ್ಲೋಸಪ್. ಹೀಗೆ ಕಾದು ಕೊಟ್ಟ ಕ್ಲೋಸಪ್‌ಗೆ ಇರುವ ತೂಕ ಮೊದಲ ಮಾತಿನಿಂದಲೇ ಕೊಟ್ಟದ್ದಕ್ಕೆ ಬರುವುದಿಲ್ಲ. ಕ್ಯಾಮೆರಾ ಚಲಿಸಲೇಬೇಕಿದ್ದರೆ ಇದೊಂದೇ ಜಾಗದಲ್ಲಿ, ಅದೂ ಟ್ರಾಲಿಯ ಮೇಲೆ ಒಂದಡಿ ಮುಂದಕ್ಕೆ, ಗಮನಕ್ಕೆ ಬಾರದಷ್ಟು ನಿಧಾನವಾಗಿ.

ಧಾರಾವಾಹಿಗೆ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡುವಾಗ ಕಪ್ಪು ಬಟ್ಟೆಗೆ ಜಾಗ ಸಿಗುವುದು ಕಷ್ಟ. ಆಗಲೂ ಎಲ್ಲ ಮೂಲೆಗೂ ಲೈಟ್ ತುಂಬಬೇಕಾಗಿಲ್ಲ. ಕಿಟಕಿಯ ಬದಿಯಿಂದ ಕರ್ಣರೇಖೆಯಲ್ಲಿ ಎರಡು ಲೈಟ್ ಇಟ್ಟರೆ ಒಬ್ಬರಿಗೆ ಮುಖ್ಯ ಬೆಳಕು, ಅಂದರೆ ಕೀ ಲೈಟ್ ಆದದ್ದು ಇನ್ನೊಬ್ಬರಿಗೆ ಹಿಂದಿನಿಂದ ಬೀಳುವ ಬ್ಯಾಕ್ ಲೈಟ್ ಆಗುತ್ತದೆ. ಕ್ಯಾಮೆರಾಗಳು ಎದುರು ಬದಿಯಲ್ಲಿದ್ದರೆ ನೆರಳಿನ ಕೆನ್ನೆ ಆಗಲೂ ಉಳಿಯುತ್ತದೆ.

ಶಾಟ್‌ಗಳ ಕ್ರಮವನ್ನು ಸೂರ್ಯನಿಗೆ ಹೊಂದಿಸಿ. ಮೊದಲು ಕಿಟಕಿ ಚೌಕಟ್ಟಿನೊಳಗೆ ಬರುವ ವೈಡ್ ಶಾಟ್, ಏಕೆಂದರೆ ಕಿಟಕಿಯಾಚೆ ಕಾಣುವ ಹಗಲನ್ನು ನಾವು ಸೃಷ್ಟಿಸಲಾರೆವು. ಹೊರಗಡೆ ಪೂರ್ತಿ ಬೆಳ್ಳಗಾಗುತ್ತಿದ್ದರೆ ಗಾಜಿಗೆ ಎನ್‌ಡಿ ಜೆಲ್ (ಎನ್‌ಡಿ ಫಿಲ್ಟರ್‌ನಂಥದೇ ತೆಳು ಹಾಳೆ) ಅಂಟಿಸಿ ಅಥವಾ ತೆಳು ಪರದೆ ಎಳೆಯಿರಿ. ಆಮೇಲೆ ಅದೇ ಬೆಳಕಿನಲ್ಲಿ ಅಕ್ಕನ ಮಿಡ್ ಮತ್ತು ಕ್ಲೋಸಪ್. ತಮ್ಮನ ಶಾಟ್‌ಗಳು ಕೊನೆಗೆ. ಅವನು ಮಂಕು ಬೆಳಕಿನಲ್ಲಿರುವುದರಿಂದ ಸಂಜೆಯಾದರೂ ಒಂದು ಲೈಟ್ ಮತ್ತು ಬಿಳಿ ಬಟ್ಟೆಯಿಂದ ನಿಭಾಯಿಸಬಹುದು. ಪ್ರತಿ ಶಾಟ್ ಮುಗಿದ ಕೂಡಲೇ ವೇಳೆ, ಲೆನ್ಸ್, ಅಪರ್ಚರ್, ಐಎಸ್‌ಒ, ಕೆಲ್ವಿನ್, ಕ್ಯಾಮೆರಾ ಎತ್ತರ, ಮುಖದವರೆಗಿನ ದೂರ, ಬಟ್ಟೆ ನಿಂತ ಜಾಗ ಇಷ್ಟನ್ನೂ ನಿಮ್ಮ ಸಹಾಯಕರಿಂದ ಬರೆಸಿ, ಸೆಟ್‌ನ ಒಂದು ಫೋಟೊ ತೆಗೆಸಿಡಿ. ಮರುದಿನ ಒಂದೇ ಒಂದು ಕ್ಲೋಸಪ್ ಮತ್ತೆ ಬೇಕು ಎಂದು ಕೇಳುವ ಫೋನ್ ಬಂದೇ ಬರುತ್ತದೆ.

ಕಲರ್ ಗ್ರೇಡಿಂಗ್‌ಗೆ, ಅಂದರೆ ಚಿತ್ರೀಕರಣದ ನಂತರ ಶಾಟ್‌ಗಳ ಬಣ್ಣ, ಬೆಳಕು ತಿದ್ದಲು ಕುಳಿತಾಗ ಅಕ್ಕನ ಕ್ಲೋಸಪ್ ಅನ್ನು ಮೊದಲು ಹದ ಮಾಡಿ, ಉಳಿದ ಶಾಟ್‌ಗಳನ್ನು ಅದಕ್ಕೆ ಹೊಂದಿಸುತ್ತಾ ಬನ್ನಿ. ತಮ್ಮನ ಮುಖ ಕತ್ತಲಾಯಿತು, ಬೆಳಕು ಎತ್ತೋಣ ಎಂದು ಆ ಕೋಣೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಅವನ ಕಣ್ಣು ಕಾಣುತ್ತಿದ್ದರೆ ಎತ್ತಬೇಡಿ.