ರಾಯಚೂರಿನ ಮೇ ತಿಂಗಳಲ್ಲಿ ಹೆಣ ತಣ್ಣಗಾಗುವುದಿಲ್ಲ: ಪತ್ತೇದಾರಿ ಕಾದಂಬರಿ ವಿಮರ್ಶೆ, ನನ್ನ ಅನುಭವ

ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯಬೇಕಾದರೆ ನಾನು ಅದನ್ನು ಎರಡು ಸಲ ಓದುತ್ತೇನೆ. ಹಳೇ ಪ್ರತಿಯಾದರೆ ಮೊದಲು ಕೊನೆಯ ಹಾಳೆಗಳು ಇವೆಯೇ ಎಂದು ಪುಟಸಂಖ್ಯೆಯನ್ನಷ್ಟೇ ನೋಡಿಕೊಳ್ಳಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಳೆಯ ಮುದ್ರಣಗಳು ಕೈಯಿಂದ ಕೈಗೆ ಓಡಾಡಿ ಹರಿದಿರುತ್ತವೆ.

ಮುಕ್ಕಾಲು ಭಾಗ ಮುಗಿದ ಕೂಡಲೇ, 240 ಪುಟದ್ದಾದರೆ 180ಕ್ಕೆ, ಪುಸ್ತಕ ಮುಚ್ಚಿ ಕೊಂದವರು ಯಾರು, ಯಾಕೆ, ಹೇಗೆ ಎಂದು ಮೂರು ಸಾಲು ಬರೆದಿಡುತ್ತೇನೆ. ಬರೆದಿಡದಿದ್ದರೆ ಕೊನೆಯಲ್ಲಿ ‘ನನಗೆ ಮೊದಲೇ ಗೊತ್ತಿತ್ತು’ ಅನ್ನಿಸಿಬಿಡುತ್ತದೆ.

ಎರಡನೇ ಓದಿಗೆ ನೋಟ್‌ಬುಕ್ಕಿನ ಎದುರುಬದುರು ಪುಟಗಳು ಬೇಕು. ಎಡಗಡೆ ವೇಳೆ: ಯಾರು, ಎಷ್ಟು ಗಂಟೆಗೆ, ಎಲ್ಲಿದ್ದರು. ಬಲಗಡೆ ಸುಳಿವು, ಪುಟಸಂಖ್ಯೆ ಸಮೇತ. ಪತ್ತೇದಾರ ಕೊನೆಗೆ ಬಿಚ್ಚಿಡುವ ಒಂದೊಂದು ಮಾತಿಗೂ ಬಲಗಡೆ ಪುಟಸಂಖ್ಯೆ ಸಿಗಬೇಕು. ಸಿಗದಿದ್ದರೆ ಸುಳಿವನ್ನು ಓದುಗರಿಂದ ಬಚ್ಚಿಟ್ಟರು ಎಂದೇ ಅರ್ಥ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆಂದು ಮುಂದಿಟ್ಟ ಹತ್ತು ನಿಯಮಗಳಲ್ಲಿ ಕೆಲವು ಹಳತಾಗಿವೆ, ಸುಳಿವು ಬಚ್ಚಿಡಬಾರದೆಂಬ ನಿಯಮವನ್ನು ಮಾತ್ರ ನಾನು ಸಡಿಲಿಸುವುದಿಲ್ಲ.

ಹೆಚ್ಚು ತಪ್ಪು ಸಿಗುವುದು ಎಡಗಡೆಯಲ್ಲಿ, ಅದರಲ್ಲೂ ನಮ್ಮ ಕಡೆ ನಡೆಯುವ ಕಥೆಗಳಲ್ಲಿ. ರಾಯಚೂರು, ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ, ತಗಡು ಹೊದಿಸಿದ ಹತ್ತಿ ಗೋದಾಮು ಎಂದುಕೊಳ್ಳಿ. ‘ಮೈ ತಣ್ಣಗಾಗಿದೆ, ಸತ್ತು ಆರು ತಾಸಾಗಿದೆ’ ಎಂದು ಡಾಕ್ಟರು ಹೇಳಿದರೆ ಅಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಸುತ್ತಲಿನ ಗಾಳಿ ಮೈಗಿಂತ ತಂಪಾಗಿದ್ದರೆ ತಾನೇ ಹೆಣ ತಣ್ಣಗಾಗುವುದು? ಮೈಬಿಸಿ 37 ಡಿಗ್ರಿ. ಹೊರಗೆ 42 ಇದ್ದು, ತಗಡಿನ ಕೆಳಗೆ ಇನ್ನೂ ಹೆಚ್ಚಿದ್ದರೆ ಆ ಲೆಕ್ಕವೇ ನಡೆಯದು, ಅದು ಚಳಿದೇಶದ ಲೆಕ್ಕ. ಹೆಣ ಸೆಟೆಯುವುದೂ ಸೆಕೆಯಲ್ಲಿ ಬೇಗ ಶುರುವಾಗಿ ಬೇಗ ಬಿಡುತ್ತದೆ. ಎರಡು ದಿನದ ಹೆಣ ಬೇಸಿಗೆಯಲ್ಲಿ ಕಟ್ಟಿಗೆಯಂತೆ ಸೆಟೆದಿರುವುದಿಲ್ಲ, ಊದಿಕೊಂಡಿರುತ್ತದೆ. ‘ಆ ಹೊತ್ತಿಗೆ ನಾನು ಬಳ್ಳಾರಿಯಲ್ಲಿದ್ದೆ’ ಎಂಬ ಮಾತಿನ ಮೇಲೇ ಕಥೆ ನಿಂತಿದ್ದರೆ, ಈ ಒಂದು ತಪ್ಪಿಗೆ ಇಡೀ ಗಂಟು ಸಡಿಲ. ಅದನ್ನು ವಿಮರ್ಶೆಯಲ್ಲಿ ಬರೆಯಲೇಬೇಕು.

ಇಸವಿಗಳನ್ನೂ ನೋಡಿಕೊಳ್ಳಬೇಕು. 1990ರ ಕಥೆಯಲ್ಲಿ ಕೊಪ್ಪಳ ಜಿಲ್ಲೆಯ ಎಸ್‌ಪಿ ಬರುವಂತಿಲ್ಲ, ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. 2024ರ ಜುಲೈ 1ರಿಂದೀಚೆಗಿನ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. ಠಾಣೆಯಲ್ಲಿ ತಪ್ಪೊಪ್ಪಿಕೊಂಡ ಕೂಡಲೇ ಕೇಸು ಮುಗಿಯಿತು ಅನ್ನುವ ಮುಕ್ತಾಯ ನನಗೆ ಒಪ್ಪಿಗೆಯಾಗುವುದಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಆ ಹೇಳಿಕೆಯಿಂದ ಚಾಕು ಸಿಕ್ಕರೆ, ಚಾಕು ಸಿಗುವುದಕ್ಕೆ ಕಾರಣವಾದ ಮಾತಷ್ಟೇ ನಿಲ್ಲುತ್ತದೆ. ಬಲ್ಲ ಲೇಖಕರು ಅದಕ್ಕೇ ಪಂಚರನ್ನು, ಅಂದರೆ ಚಾಕು ವಶಪಡಿಸಿಕೊಳ್ಳುವಾಗ ಎದುರಿಗಿರುವ ಸಾಕ್ಷಿಗಳನ್ನು, ಕರೆಸುತ್ತಾರೆ.

ಬರೆಯುವಾಗ ಕಥೆಯ ಮೊದಲ ಐದನೇ ಒಂದು ಭಾಗವನ್ನಷ್ಟೇ ಹೇಳುತ್ತೇನೆ. ‘ಕೊನೆಯ ತಿರುವು ಊಹಿಸಲಾಗದು’ ಎಂದೂ ಬರೆಯುವುದಿಲ್ಲ, ಬರೆದರೆ ಓದುಗರು ಮೊದಲ ಪುಟದಿಂದಲೇ ಅತಿ ಒಳ್ಳೆಯವರನ್ನು ಅನುಮಾನಿಸತೊಡಗುತ್ತಾರೆ. ಅನುಮಾನ ಐವರ ಮೇಲಿದ್ದು ನಾಲ್ವರನ್ನು ಹೆಸರಿಸಿದರೆ ಬಿಟ್ಟವರತ್ತ ಬೆರಳು ತೋರಿಸಿದಂತೆ, ಹೆಸರಿಸಿದರೆ ಐವರನ್ನೂ ಹೆಸರಿಸಬೇಕು. ತಪ್ಪನ್ನು ಪುಟಸಂಖ್ಯೆಯಲ್ಲೇ ಹೇಳುತ್ತೇನೆ: ‘91ನೇ ಪುಟದ ವೇಳೆಗೂ 164ನೇ ಪುಟದ ವೇಳೆಗೂ ತಾಳೆಯಾಗುವುದಿಲ್ಲ.’ ಓದಿದವರಿಗೆ ಅಷ್ಟು ಸಾಕು, ಓದದವರಿಗೆ ಏನೂ ಬಯಲಾಗುವುದಿಲ್ಲ.